ಆಡಿಟಿವ್ ಸುಟ್ಟ ಮೇಲೆ ಏನು ಉಳಿಯುತ್ತದೆ?

ಇಂಧನದ ಆಡಿಟಿವ್ (ಪೆಟ್ರೋಲ್, ಡೀಸೆಲ್ಲಿಗೆ ಬೆರೆಸುವ ರಾಸಾಯನಿಕ) ಬಗ್ಗೆ ಓದುವಾಗ ಬಾಟಲಿಗಳ ಹೆಸರನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಟ್ಯಾಂಕಿಗೆ ಸುರಿದದ್ದು ಎಲ್ಲೆಲ್ಲಿ ಹಾದು ಹೋಗುತ್ತದೆ, ಸುಟ್ಟ ಮೇಲೆ ಏನು ಉಳಿಸುತ್ತದೆ ಅಂತ ನೋಡಿ.

ಸೀಸದಿಂದ ಶುರು ಮಾಡೋಣ. ನಾಕಿಂಗ್, ಅಂದರೆ ಸಿಲಿಂಡರಿನಲ್ಲಿ ಇಂಧನ ತಾನಾಗಿಯೇ ಸಿಡಿದು ಬಡಿಯುವುದನ್ನು ತಡೆಯಲು ಹಿಂದೆ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಕೆಲಸವೇನೋ ಚೆನ್ನಾಗಿಯೇ ಆಗುತ್ತಿತ್ತು. ಆದರೆ ಸೀಸ ವಿಷ. ಜೊತೆಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗಿನ ಪ್ಲಾಟಿನಂ ಲೇಪನದ ಮೇಲೆ ಕೂತು ಅದನ್ನು ಕೆಡಿಸುತ್ತಿತ್ತು. ಭಾರತದಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಸೀಸ ಹೋದರೂ ಲೋಹ ಪೂರ್ತಿ ಹೋಗಿಲ್ಲ. ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಂಕ) ಏರಿಸುವ ಕೆಲವು ಬೂಸ್ಟರ್‌ಗಳಲ್ಲಿ ಮ್ಯಾಂಗನೀಸ್ ಇರುವ ಎಂಎಂಟಿ ಅಥವಾ ಕಬ್ಬಿಣ ಇರುವ ಫೆರೋಸೀನ್ ಇರುತ್ತದೆ. ಫೆರೋಸೀನ್ ಜಾಸ್ತಿ ಬಳಸಿದ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಬಿಳಿ ಪಿಂಗಾಣಿಯ ಮೇಲೆ ತುಕ್ಕಿನಂಥ ಕೆಂಪು ಪದರ ಕಾಣುತ್ತದೆ. ಆ ಪದರದಲ್ಲಿ ವಿದ್ಯುತ್ ಸೋರಿ ಇಂಧನ ಸರಿಯಾಗಿ ಹೊತ್ತದೆ ಮಿಸ್‌ಫೈರ್ ಆಗುತ್ತದೆ. ಬಿಎಸ್6 (ಈಗಿನ ಹೊಗೆ ನಿಯಮದ) ಗಾಡಿಗೆ ಇಂಥದ್ದು ಬೇಡವೇ ಬೇಡ.

ಬೂಸ್ಟರ್ ಲೇಬಲ್ಲಿನಲ್ಲಿ ಇನ್ನೊಂದು ಚಮತ್ಕಾರ ಇದೆ. ‘10 ಪಾಯಿಂಟ್ ಏರಿಕೆ’ ಅಂದರೆ 91 ಆಕ್ಟೇನ್ 101 ಆಗುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಸಾಮಾನ್ಯವಾಗಿ ಅವರ ಲೆಕ್ಕದಲ್ಲಿ ಒಂದು ಪಾಯಿಂಟ್ ಅಂದರೆ 0.1. ಹಾಗಾಗಿ 91 ಆಗುವುದು ಬರೀ 92. 91ಕ್ಕೇ ಮಾಡಿದ ಎಂಜಿನ್ನಿಗೆ ಅದರಿಂದ ಏನೂ ಸಿಗುವುದಿಲ್ಲ.

ಕ್ಲೀನರ್‌ಗಳ ಮಾತು ಬೇರೆ. ಪಾಲಿಈಥರ್ ಅಮೀನ್, ಅಂದರೆ ಪಿಇಎ ಇರುವ ಕ್ಲೀನರ್, ಇಂಧನ ಸಿಂಪಡಿಸುವ ಇಂಜೆಕ್ಟರಿನ ಕರಿ ನಿಜವಾಗಿ ತೆಗೆಯುತ್ತದೆ. ಆದರೆ ಇನ್‌ಟೇಕ್ ವಾಲ್ವ್? ಅದು ಇಂಜೆಕ್ಟರ್ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಎಂಪಿಎಫ್‌ಐ ಎಂಜಿನ್ನಿನಲ್ಲಿ ಇಂಜೆಕ್ಟರ್ ವಾಲ್ವಿನ ಹೊರಗಿದ್ದು ಪೆಟ್ರೋಲ್ ಅದರ ಬೆನ್ನಿಗೇ ಬೀಳುತ್ತದೆ, ಹಾಗಾಗಿ ಕರಿ ತೊಳೆದು ಹೋಗುತ್ತದೆ. ಜಿಡಿಐ, ಅಂದರೆ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಇಂಧನ ನೇರ ಸಿಲಿಂಡರಿಗೆ ಹೋಗುತ್ತದೆ, ವಾಲ್ವಿಗೆ ತಾಗುವುದೇ ಇಲ್ಲ. ಟ್ಯಾಂಕಿಗೆ ಎಷ್ಟು ಬಾಟಲಿ ಸುರಿದರೂ ಆ ಕರಿ ಅಲ್ಲೇ. ಪರೀಕ್ಷೆಯಲ್ಲೂ ಗ್ಯಾರೇಜಿನಲ್ಲೂ ಜನ ತಪ್ಪುವುದು ಇಲ್ಲೇ.

ಹಾಕುವುದಾದರೆ ಮೊದಲು ಗಾಡಿಯ ಮ್ಯಾನುಯಲ್ ನೋಡಿ. ಕೆಲವು ಕಂಪನಿಗಳು ಬೇಡ ಅಂತಲೇ ಬರೆದಿರುತ್ತವೆ. ಲೇಬಲ್ಲಿನ ಅಳತೆ ಮೀರಬೇಡಿ. 60 ಲೀಟರಿಗೆ ಅಂತ ಇರುವ ಬಾಟಲಿಯನ್ನು 37 ಲೀಟರ್ ಟ್ಯಾಂಕಿಗೆ ಪೂರ್ತಿ ಸುರಿದರೆ ಡೋಸ್ ಒಂದೂವರೆ ಪಟ್ಟಿಗಿಂತ ಜಾಸ್ತಿ. ಮೊದಲು ಆಡಿಟಿವ್, ಆಮೇಲೆ ಪೆಟ್ರೋಲ್, ಚೆನ್ನಾಗಿ ಬೆರೆಯುತ್ತದೆ. ಪಿಇಎ ಸ್ವಲ್ಪ ಎಂಜಿನ್ ಆಯಿಲಿಗೂ ಇಳಿಯುತ್ತದೆ, ಆದ್ದರಿಂದ ಆಯಿಲ್ ಬದಲಿಸುವ ಸ್ವಲ್ಪ ಮುಂಚೆ ಹಾಕುವುದು ಜಾಣತನ. ಚೆಕ್ ಎಂಜಿನ್ ದೀಪ ಉರಿಯುತ್ತಿದ್ದರೆ ಬಾಟಲಿ ಪಕ್ಕಕ್ಕಿಟ್ಟು ಮೊದಲು ಸ್ಕ್ಯಾನ್ ಮಾಡಿಸಿ.

ಡೀಸೆಲ್‌ಗೆ 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೆರೆಸುವ ಹಳೇ ಚಾಳಿ ಇನ್ನೂ ಇದೆ. ಅದರ ಬೂದಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಕೂರುತ್ತದೆ. ಮಸಿಯನ್ನು ಡಿಪಿಎಫ್ ಸುಟ್ಟುಕೊಳ್ಳಬಲ್ಲದು, ಬೂದಿಯನ್ನಲ್ಲ. ಇನ್ನು ಡೀಸೆಲ್ ಹೊಗೆ ಶುದ್ಧ ಮಾಡಲು ಬಳಸುವ ಡಿಇಎಫ್ ದ್ರವ ಆಡಿಟಿವ್ ಅಲ್ಲವೇ ಅಲ್ಲ: 32.5% ಯೂರಿಯಾ, ಉಳಿದದ್ದು ನೀರು. ಅದಕ್ಕೆ ನೀಲಿ ಮುಚ್ಚಳದ ಬೇರೆ ಟ್ಯಾಂಕೇ ಇದೆ. ಅಪ್ಪಿತಪ್ಪಿ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಕೀ ಕೂಡ ತಿರುಗಿಸಬೇಡಿ, ಗಾಡಿ ಟೋ ಮಾಡಿಸಿ.