ಹಣ ಕಡಿಮೆ, ಮಕ್ಕಳು ಹೆಚ್ಚು: ಶಾಲೆಯಲ್ಲಿ ಮೊದಲು ಕರಗುವುದು ಪಾಠದ ಹೊತ್ತು

ವೆಚ್ಚ ಕಡಿತ, ವಲಸೆ, ಸಾಮಾಜಿಕ ಕ್ಷೋಭೆ ಮೂರನ್ನೂ ನಾವು ಬೇರೆ ಬೇರೆ ಅಧ್ಯಾಯಗಳಾಗಿ ಓದುತ್ತೇವೆ. ತರಗತಿಯಲ್ಲಿ ಮಾತ್ರ ಮೂರರ ಪೆಟ್ಟೂ ಒಂದೇ ಕಡೆ ಬೀಳುತ್ತದೆ: ಮಗುವಿಗೆ ಅರ್ಥವಾಗುವಂತೆ ಸಿಗುವ ಪಾಠದ ಹೊತ್ತಿನ ಮೇಲೆ. ದಾಖಲಾತಿ ಏರುತ್ತಿರುವಾಗಲೇ ಇದು ಇಳಿಯುತ್ತಿರಬಹುದು. ಹಾಗಾಗಿ ಯಾವುದೇ ದೇಶದ ವರದಿ ಓದುವಾಗ ದಾಖಲಾತಿ ಪಟ್ಟಿಗಿಂತ ವೇಳಾಪಟ್ಟಿಯನ್ನು ಮೊದಲು ಹುಡುಕಿ.

ಬಜೆಟ್ಟಿನಿಂದ ಶುರು ಮಾಡೋಣ. ಶಾಲಾ ಶಿಕ್ಷಣದ ಚಾಲ್ತಿ ವೆಚ್ಚದಲ್ಲಿ ಸಿಂಹಪಾಲು ಸಂಬಳಕ್ಕೇ ಹೋಗುತ್ತದೆ. ಲೆಕ್ಕಕ್ಕೆ 100ರಲ್ಲಿ 80 ಸಂಬಳ, 20 ಇತರೆ ಎಂದಿಟ್ಟುಕೊಳ್ಳಿ. ಒಟ್ಟು 10 ಕಡಿತವಾಗಿ ಸಂಬಳವನ್ನು ಮುಟ್ಟದಿದ್ದರೆ, ಪುಸ್ತಕ, ದುರಸ್ತಿ, ವಾಹನ, ತರಬೇತಿಗೆ ಇದ್ದ 20 ಇದ್ದಕ್ಕಿದ್ದಂತೆ 10 ಆಗುತ್ತದೆ. 'ಶೇ. 10 ಕಡಿತ' ಎಂಬ ಸುದ್ದಿಯ ಹಿಂದೆ ಇಂಥ ಶೇ. 50 ಅಡಗಿರುತ್ತದೆ. ಅದನ್ನು ತಪ್ಪಿಸಲು ಸರ್ಕಾರಗಳು ನಿವೃತ್ತರ ಹುದ್ದೆ ತುಂಬದೆ ಬಿಡುತ್ತವೆ, ಇಲ್ಲವೇ ಹೊಸಬರ ಸಂಬಳ ಇಳಿಸುತ್ತವೆ. ಐರ್ಲೆಂಡಿನಲ್ಲಿ 2011ರಿಂದ ನೇಮಕವಾದವರಿಗೆ ಶೇ. 10 ಕಡಿಮೆ ವೇತನಶ್ರೇಣಿ ಬಂತು; ಒಂದೇ ಸ್ಟಾಫ್ ರೂಮಿನಲ್ಲಿ, ಒಂದೇ ಕೆಲಸಕ್ಕೆ ಎರಡು ಸಂಬಳ. ಗ್ರೀಸ್ ಅದೇ ವರ್ಷ ನೂರಾರು ಶಾಲೆಗಳನ್ನು ವಿಲೀನಗೊಳಿಸಿತು. ಆ ಶರತ್ಕಾಲದಲ್ಲಿ ಪಠ್ಯಪುಸ್ತಕ ಸಮಯಕ್ಕೆ ಬಾರದೆ ಫೋಟೊಕಾಪಿಯಲ್ಲಿ ಪಾಠ ನಡೆಯಿತು. ವಿಲೀನದ ಉಳಿತಾಯ ಲೆಕ್ಕ ಹಾಕುವವರು ವಾಹನದ ಖರ್ಚನ್ನು ಮರೆಯುತ್ತಾರೆ. ಅದು ಕೊನೆಗೆ ಪೋಷಕರ ತಲೆಗೇ ಬೀಳುತ್ತದೆ.

ಇನ್ನು ವಲಸೆ. ಕಟ್ಟಡ ಸಾಲದಾದಾಗ ಎಲ್ಲರೂ ಹಿಡಿಯುವ ದಾರಿ ಎರಡು ಪಾಳಿ. ಇದನ್ನು ಒಮ್ಮೆ ಕೈಯಲ್ಲೇ ಲೆಕ್ಕ ಮಾಡಿ ನೋಡಿ. ಒಂದೇ ಪಾಳಿಯಲ್ಲಿ 40 ನಿಮಿಷದ 7 ಪೀರಿಯಡ್, ಅಂದರೆ 280 ನಿಮಿಷ. ಎರಡು ಪಾಳಿಯಾದರೆ ಗುಡಿಸಲು, ಮಕ್ಕಳು ಹೊರಗೆ-ಒಳಗೆ ಆಗಲು ನಡುವೆ ಬಿಡುವು ಬೇಕು. ಪಾಳಿಗೆ 5 ಪೀರಿಯಡ್ ಉಳಿದರೆ 200 ನಿಮಿಷ. ದಿನಕ್ಕೆ 80 ನಿಮಿಷ ನಷ್ಟ. 180 ಶಾಲಾ ದಿನಕ್ಕೆ 240 ಗಂಟೆ, ಅಂದರೆ ಹಳೆಯ ವೇಳಾಪಟ್ಟಿಯ ಸುಮಾರು 51 ಪೂರ್ಣ ದಿನ. ಮೊದಲು ಬಿದ್ದುಹೋಗುವುದು ಆಟ, ಚಿತ್ರಕಲೆ, ಪ್ರಯೋಗಾಲಯ. ಆಮೇಲೆ ಹಿಂದುಳಿದವರಿಗೆ ಕೊಡುತ್ತಿದ್ದ ಹೆಚ್ಚುವರಿ ಪಾಠ.

ಭಾಷೆಯ ತೊಡಕು ಇದಕ್ಕಿಂತ ಸೂಕ್ಷ್ಮ. ಸಿರಿಯಾದಲ್ಲಿ ಗಣಿತ, ವಿಜ್ಞಾನವನ್ನು ಅರೇಬಿಕ್‌ನಲ್ಲಿ ಕಲಿತ ಮಕ್ಕಳು ಲೆಬನಾನಿಗೆ ಬಂದಾಗ, ಅವೇ ವಿಷಯಗಳು ಅಲ್ಲಿ ಫ್ರೆಂಚ್ ಅಥವಾ ಇಂಗ್ಲಿಷ್‌ನಲ್ಲಿದ್ದವು. ಟರ್ಕಿ ಮೊದಲು ಅರೇಬಿಕ್ ಮಾಧ್ಯಮದ ತಾತ್ಕಾಲಿಕ ಕೇಂದ್ರಗಳನ್ನು ನಡೆಸಿ, 2016ರಿಂದ ಮಕ್ಕಳನ್ನು ಹಂತಹಂತವಾಗಿ ಸರ್ಕಾರಿ ಶಾಲೆಗಳಿಗೆ ಸೇರಿಸಿತು. ಪ್ರತ್ಯೇಕ ಕೇಂದ್ರದಲ್ಲಿ ಕಲಿಕೆ ಮುರಿಯದೆ ಸಾಗುತ್ತದೆ, ಆದರೆ ಮುಂದೆ ಸ್ಥಳೀಯ ಪರೀಕ್ಷೆಗೆ ದಾರಿ ಇರುವುದಿಲ್ಲ. ನೇರ ಸೇರ್ಪಡೆಯಲ್ಲಿ ದಾರಿ ಇದೆ, ಪಾಠ ತಲೆಗೆ ಹತ್ತುವುದಿಲ್ಲ. ಎರಡನೇ ಭಾಷೆಯ ಕಲಿಕೆಯನ್ನು ಅಧ್ಯಯನ ಮಾಡಿದ ಸಂಶೋಧಕ ಜಿಮ್ ಕಮಿನ್ಸ್ ತೋರಿಸಿದ ವ್ಯತ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ: ಆಡುಮಾತು ಸುಮಾರು 2 ವರ್ಷಕ್ಕೆ ಬರುತ್ತದೆ, ಪಠ್ಯದ ಭಾಷೆಗೆ 5ರಿಂದ 7 ವರ್ಷ ಬೇಕು. ಆಟದ ಬಯಲಲ್ಲಿ ಪಟಪಟ ಮಾತಾಡುವ ಮಗುವನ್ನು ನೋಡಿ 'ಭಾಷೆ ಬಂತು' ಎಂದು ನೆರವು ನಿಲ್ಲಿಸುವುದೇ ಸಾಮಾನ್ಯ ತಪ್ಪು. ಅದೇ ಮಗು 'ಮೂರರಷ್ಟು', 'ಮೂರರಲ್ಲೊಂದು' ಎಂಬ ಪದಗಳನ್ನು ಅದಲುಬದಲು ಮಾಡಿ, ಭಾಗಿಸಬೇಕಾದಲ್ಲಿ ಗುಣಿಸುತ್ತದೆ. ಶಿಕ್ಷಕರು ಅದನ್ನು ಗಣಿತದ ದೌರ್ಬಲ್ಯ ಎಂದು ಬರೆದುಕೊಳ್ಳುತ್ತಾರೆ.

ವಲಸೆ ಬಂದ ಮಕ್ಕಳ ದಾಖಲಾತಿಯ ಬಗ್ಗೆ ಎರಡೇ ಮಾತು. 1951ರ ನಿರಾಶ್ರಿತರ ಒಪ್ಪಂದದ 22ನೇ ವಿಧಿ ಪ್ರಾಥಮಿಕ ಶಿಕ್ಷಣದಲ್ಲಿ ಸ್ವದೇಶಿ ಮಕ್ಕಳಿಗೆ ಸಮನಾದ ಸ್ಥಾನ ಕೊಡುತ್ತದೆ. ಅದರ ಮೇಲಿನ ಹಂತಕ್ಕೆ ಭರವಸೆ ತೆಳು. ಭಾಷೆ ಬರದೆಂದು 12ರ ಹುಡುಗನನ್ನು 2ನೇ ತರಗತಿಯಲ್ಲಿ ಕೂರಿಸಿದರೆ ಅವನು ಹೆಚ್ಚು ದಿನ ನಿಲ್ಲುವುದಿಲ್ಲ.

ಹಣದ ಕೊರತೆ, ವಲಸೆ, ಕ್ಷೋಭೆ ಮೂರೂ ಒಟ್ಟಿಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಮತ್ತೆ ಲೆಬನಾನನ್ನೇ ನೋಡಬೇಕು. ಸಿರಿಯಾದ ಮಕ್ಕಳಿಗಾಗಿ ಮಧ್ಯಾಹ್ನದ ಪಾಳಿ 2013-14ರಲ್ಲಿ ಶುರುವಾಯಿತು. ಅದಕ್ಕೆ ಹಣ ವಿದೇಶಿ ದಾನಿಗಳದು. 2019ರ ಅಕ್ಟೋಬರಿನಲ್ಲಿ ಜನ ಬೀದಿಗಿಳಿದಾಗ ಶಾಲೆಗಳು ಮುಚ್ಚಿದವು, ಮರುವರ್ಷ ಕೋವಿಡ್. ಮುಂದೆ ಲೆಬನಾನಿ ಪೌಂಡ್ ಶೇ. 90ಕ್ಕಿಂತ ಹೆಚ್ಚು ಮೌಲ್ಯ ಕಳೆದುಕೊಂಡು ಶಿಕ್ಷಕರ ಸಂಬಳ ನೀರಾಯಿತು. 2023ರ ಆರಂಭದಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರು ಮುಷ್ಕರ ಹೂಡಿ ಬೆಳಗಿನ ಪಾಳಿ ನಿಂತಾಗ, ಪ್ರತ್ಯೇಕ ಹಣವಿದ್ದ ಮಧ್ಯಾಹ್ನದ ಪಾಳಿಯೂ ನಿಂತಿತು.