ಹತ್ತು ವರ್ಷದ ಗ್ಯಾಸ್ಟ್ರಿಕ್ ಕ್ಯಾನ್ಸರ್‌ಗೆ ತಿರುಗುತ್ತದೆಯೇ?

ಪ್ರಶ್ನೆ: ನನಗೆ 38 ವರ್ಷ. ಹತ್ತು ವರ್ಷದಿಂದ ಗ್ಯಾಸ್ಟ್ರಿಕ್. ಊಟವಾದ ಮೇಲೆ ಹೊಟ್ಟೆ ಉಬ್ಬರ, ಉರಿ, ತೇಗು. ಹೀಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಮೊದಲೇ ತಿಳಿಯಲು ರಕ್ತಪರೀಕ್ಷೆ ಇದೆಯೇ?

ಉತ್ತರ: ಬರೆಯುವವರ ವಯಸ್ಸು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಎಷ್ಟು ಸಲ ಹೇಳಿದರೂ ಅಳಿಯದ ನಂಬಿಕೆ ಒಂದಿದೆ: ಆಸಿಡ್ ಜಾಸ್ತಿಯಾಗಿ, ವರ್ಷಗಟ್ಟಲೆ ಜಠರದ ಒಳಪದರ ಸುಟ್ಟು, ಕೊನೆಗೆ ಅದೇ ಕ್ಯಾನ್ಸರ್ ಆಗುತ್ತದೆ ಎಂಬುದು. ಇದು ತಪ್ಪು, ದಯವಿಟ್ಟು ಬಿಟ್ಟುಬಿಡಿ.

ಜಠರದ ಕ್ಯಾನ್ಸರ್ ಸಾಮಾನ್ಯವಾಗಿ ಹಿಡಿಯುವ ದಾರಿ ಬೇರೆ. ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಬಹುತೇಕ ಬಾಲ್ಯದಲ್ಲೇ ಒಳಸೇರಿ ದಶಕಗಳ ಕಾಲ ಉರಿಯೂತ ಉಂಟುಮಾಡುತ್ತದೆ. ಆಸಿಡ್ ಸುರಿಸುವ ಗ್ರಂಥಿಗಳು ಸವೆಯುತ್ತವೆ, ಆ ಜಾಗದಲ್ಲಿ ಕರುಳಿನಂಥ ಒಳಪದರ ಬೆಳೆಯುತ್ತದೆ, ಕೆಲವರಲ್ಲಿ ಮಾತ್ರ ಅದು ಮುಂದೆ ಕೆಡುತ್ತದೆ. ಅಂದರೆ ಈ ದಾರಿಯಲ್ಲಿ ಆಸಿಡ್ ಕಡಿಮೆಯಾಗುತ್ತಾ ಹೋಗುತ್ತದೆ! 2001ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದು 1,526 ಜನರನ್ನು ಸರಾಸರಿ 7.8 ವರ್ಷ ಗಮನಿಸಿತು. ಸೋಂಕಿದ್ದ 1,246 ಜನರಲ್ಲಿ 36 ಮಂದಿಗೆ ಜಠರದ ಕ್ಯಾನ್ಸರ್ ಬಂತು, ಸೋಂಕಿಲ್ಲದ 280 ಜನರಲ್ಲಿ ಒಬ್ಬರಿಗೂ ಬರಲಿಲ್ಲ. ಆಸಿಡ್ ಹೆಚ್ಚಿರುವುದು ಸಾಮಾನ್ಯವಾಗಿ ಸಣ್ಣ ಕರುಳಿನ ಆರಂಭದಲ್ಲಿ ಹುಣ್ಣಿರುವವರಿಗೆ. ಆ ಅಧ್ಯಯನದಲ್ಲಿದ್ದ ಅಂಥವರಲ್ಲಿ ಸೋಂಕಿದ್ದೂ ಒಬ್ಬರಿಗೂ ಕ್ಯಾನ್ಸರ್ ಬರಲಿಲ್ಲ.

ತೊಂದರೆ ಎಷ್ಟು ವರ್ಷದ್ದು ಎಂಬುದೂ ಸೂಚನೆಯಲ್ಲ. ಹತ್ತು ವರ್ಷದಿಂದ ಒಂದೇ ತೆರನಾಗಿರುವ ಉಬ್ಬರಕ್ಕಿಂತ 55ರ ವಯಸ್ಸಿನಲ್ಲಿ ಎರಡು ತಿಂಗಳ ಹಿಂದೆ ಹೊಸದಾಗಿ ಶುರುವಾದ ಅಜೀರ್ಣ ವೈದ್ಯರನ್ನು ಹೆಚ್ಚು ಎಚ್ಚರಿಸುತ್ತದೆ. ಅಜೀರ್ಣವೆಂದು ಎಂಡೋಸ್ಕೊಪಿಗೆ (ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಪರೀಕ್ಷೆಗೆ) ಬಂದ 57,363 ಜನರ ಲೆಕ್ಕ 2006ರಲ್ಲಿ ಒಟ್ಟುಗೂಡಿದಾಗ ಕ್ಯಾನ್ಸರ್ ಸಿಕ್ಕಿದ್ದು 458 ಜನರಲ್ಲಿ, ಅಂದರೆ ಸಾವಿರಕ್ಕೆ ಎಂಟು.

ಒಂದು ಅಪವಾದವಿದೆ. ಅನ್ನನಾಳಕ್ಕೆ ಆಸಿಡ್ ಉಕ್ಕಿ ಬರುವ ಎದೆಯುರಿ ಬಹುಕಾಲ ಇದ್ದರೆ, ಅದರಲ್ಲೂ 50 ದಾಟಿದ, ಬೊಜ್ಜಿರುವ, ಸಿಗರೇಟು ಸೇದುವ ಗಂಡಸರಲ್ಲಿ, ಅನ್ನನಾಳದ ಕೆಳತುದಿಯ ಪದರ ಬದಲಾಗಿ, ಕೆಲವರಲ್ಲಿ ಮುಂದೆ ಅಲ್ಲಿ ಕ್ಯಾನ್ಸರ್ ಆಗಬಹುದು. ನಮ್ಮಲ್ಲಿ ಹೆಚ್ಚು ಕಾಣುವ ಅನ್ನನಾಳದ ಕ್ಯಾನ್ಸರ್ ಅದಲ್ಲ. ನಮ್ಮಲ್ಲಿ ಹೆಚ್ಚು ಕಾಣುವುದರ ಹಿಂದೆ ಇರುವುದು ತಂಬಾಕು, ಅಡಿಕೆ, ಮದ್ಯ.

ಇನ್ನು ನೀವು ಕೇಳಿದ ರಕ್ತಪರೀಕ್ಷೆ. ಇಲ್ಲ. ಕ್ಯಾನ್ಸರ್ ಸೂಚಕವೆಂದು ರಕ್ತದಲ್ಲಿ ಅಳೆಯುವ ಸಿಇಎ, ಸಿಎ 19-9 ಆರಂಭದ ಹಂತದಲ್ಲಿ ನಾರ್ಮಲ್ ಬರುವುದೇ ಹೆಚ್ಚು. ಸ್ಕ್ಯಾನಿಂಗ್ ಪಿತ್ತಕೋಶದ ಕಲ್ಲು ತೋರಿಸುತ್ತದೆ, ಜಠರದ ಒಳಪದರ ತೋರಿಸುವುದಿಲ್ಲ. ಹಿಮೋಗ್ಲೋಬಿನ್ ಮಾತ್ರ ಖಂಡಿತ ನೋಡಿಸಿ: ಗಂಡಸರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಒಳಗೆಲ್ಲೋ ರಕ್ತ ಸೋರುತ್ತಿರಬಹುದು. ನುಂಗುವಾಗ ತುತ್ತು ಸಿಕ್ಕಿಕೊಳ್ಳುವುದು, ಪ್ರಯತ್ನಪಡದೆ ತೂಕ ಇಳಿಯುವುದು, ನಿಲ್ಲದ ವಾಂತಿ, ಟಾರಿನಂತೆ ಅಂಟುವ ದುರ್ವಾಸನೆಯ ಕಪ್ಪು ಮಲ, ಇವು ಯಾವ ವಯಸ್ಸಿನಲ್ಲಿದ್ದರೂ ತಡಮಾಡದೆ ವೈದ್ಯರ ಬಳಿ ಹೋಗಿ. ತುತ್ತು ಸಿಕ್ಕಿಕೊಂಡರಂತೂ ನೇರ ಎಂಡೋಸ್ಕೊಪಿ. (ಕಬ್ಬಿಣದ ಮಾತ್ರೆ ನುಂಗುವವರ ಮಲವೂ ಕಪ್ಪಾಗುತ್ತದೆ, ಆದರೆ ಹಾಗೆ ಅಂಟುವುದಿಲ್ಲ.) ಇವು ಯಾವುದೂ ಇಲ್ಲದಿದ್ದರೂ ಅಮೆರಿಕ-ಕೆನಡಾದ 2017ರ ಮಾರ್ಗಸೂಚಿ 60 ದಾಟಿದವರಿಗೆ ಎಂಡೋಸ್ಕೊಪಿ ಹೇಳುತ್ತದೆ. ನಮ್ಮಲ್ಲಿ ಅನೇಕ ವೈದ್ಯರು 40–45ಕ್ಕೇ ಮಾಡಿಸುತ್ತಾರೆ.

38ರ ನಿಮಗೆ, ಈ ಲಕ್ಷಣಗಳಿಲ್ಲದಿದ್ದರೆ, ಮೊದಲು ಪೈಲೊರಿ ಪರೀಕ್ಷೆ: ಉಸಿರಿನದು ಅಥವಾ ಮಲದ್ದು. ರಕ್ತದ ಆಂಟಿಬಾಡಿ ಪರೀಕ್ಷೆ ಬೇಡ. ಸೋಂಕು ವಾಸಿಯಾದ ಮೇಲೂ ಅದು ಪಾಸಿಟಿವ್ ಬರಬಹುದು. ಸೋಂಕಿದ್ದರೆ ಸಾಮಾನ್ಯವಾಗಿ 14 ದಿನದ ಔಷಧಿ, ಮುಗಿದು ಕನಿಷ್ಠ ನಾಲ್ಕು ವಾರವಾದ ಮೇಲೆ ಮರುಪರೀಕ್ಷೆ.

ನೀವು ಕೇಳದಿದ್ದರೂ ಹೇಳಬೇಕಾದ ಮಾತು: ಆಸಿಡ್ ತಗ್ಗಿಸಲೆಂದು ಮೆಡಿಕಲ್ ಶಾಪಿನಿಂದ ತಂದು ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳು ಈ ಪರೀಕ್ಷೆಗಳನ್ನು ಕೆಡಿಸುತ್ತವೆ. ವೈದ್ಯರಿಗೆ ತಿಳಿಸಿ ಅವನ್ನು ಎರಡು ವಾರ ಮೊದಲೇ ನಿಲ್ಲಿಸಿ. ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ ನಾಲ್ಕು ವಾರ ಬಿಡಿ. ಇಲ್ಲವಾದರೆ ಸೋಂಕಿದ್ದರೂ ನೆಗೆಟಿವ್ ಬರಬಹುದು. ನಡುವೆ ಉರಿಯಾದರೆ ಆಂಟಾಸಿಡ್ ಸಿರಪ್ ಸಾಕು. ಕ್ಯಾನ್ಸರ್ ಹುಣ್ಣೂ ಈ ಮಾತ್ರೆಗಳಿಂದ ಮೇಲ್ನೋಟಕ್ಕೆ ಮಾಯ್ದಂತೆ ಕಾಣಬಹುದು, ನೋವೂ ಹೋಗಬಹುದು. ಅದಕ್ಕೇ ಜಠರದಲ್ಲಿ ಹುಣ್ಣು ಸಿಕ್ಕರೆ ಅಂಚಿನಿಂದ ಹಲವು ಚೂರು ಬಯಾಪ್ಸಿ ತೆಗೆದು, 6–8 ವಾರದ ಔಷಧಿಯ ನಂತರ ಮತ್ತೆ ಎಂಡೋಸ್ಕೊಪಿ ಮಾಡಿ ನೋಡುತ್ತಾರೆ. ನೋವಿಲ್ಲವೆಂದು ಆ ಎರಡನೆಯದನ್ನು ತಪ್ಪಿಸಬೇಡಿ.