ಬೆಟ್ಟದ ಸಾಲಿನಲ್ಲಿ ಪಂಚಾಂಗ ಓದಿದ ಊರು

ಉತ್ತರ ಚೀನಾದ ಷಾನ್‌ಶಿ ಪ್ರಾಂತ್ಯದಲ್ಲಿ ಶಿಯಾಂಗ್‌ಫೆನ್ ಎಂಬ ಕೌಂಟಿಯಿದೆ. ಹೆಚ್ಚುಕಡಿಮೆ ನಮ್ಮ ತಾಲ್ಲೂಕು ಎನ್ನಿ. ಅದರ ನಡುವೆ ಹರಿಯುವ ಫೆನ್ ನದಿ ಮುಂದೆ ಹಳದಿ ನದಿಯನ್ನು ಸೇರುತ್ತದೆ. ಪೂರ್ವಕ್ಕೆ ತಾಎರ್ ಬೆಟ್ಟ. ನೆಲವೆಲ್ಲ ಲೋಯೆಸ್ ಮಣ್ಣು, ಅಂದರೆ ಗಾಳಿ ಲಕ್ಷಾಂತರ ವರ್ಷ ಹೊತ್ತು ತಂದು ಸುರಿದ ಹಳದಿ ಧೂಳು. ಅಗೆಯಲು ಮೆದು, ಪದರ ಪದರವಾಗಿ ಹಾಕಿ ದಿಮ್ಮಸು ಬಡಿದರೆ ಗಟ್ಟಿ ಗೋಡೆ. ಸುಮಾರು 4,000 ವರ್ಷಗಳ ಹಿಂದೆ ಇಲ್ಲಿನ ತಾವೋಸಿಯಲ್ಲಿ 280 ಹೆಕ್ಟೇರ್ ವಿಸ್ತಾರದ ಕೋಟೆಯೂರು ಎದ್ದದ್ದು ಈ ಮಣ್ಣಿನಿಂದಲೇ.

1978ರಲ್ಲಿ ಶುರುವಾದ ಉತ್ಖನನದಲ್ಲಿ ಸಿರಿವಂತರ ಸಮಾಧಿಗಳು, ಪುಟ್ಟ ತಾಮ್ರದ ಗಂಟೆ, ಸುರುಳಿ ಸುತ್ತಿದ ಡ್ರ್ಯಾಗನ್ ಬರೆದ ಮಣ್ಣಿನ ತಟ್ಟೆ ಸಿಕ್ಕವು. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು 2003ರಲ್ಲಿ ಕಂಡ ಒಂದು ಬಾಗಿದ ಅಡಿಪಾಯ. ಅದರ ಮೇಲೆ 13 ಕಂಬಗಳ ಬುಡ, ನಡುವೆ 12 ಸಂದು. ಒಂದೊಂದು ಸಂದೂ ಗೇಣಗಲಕ್ಕಿಂತ ಕಿರಿದು. ಕಮಾನಿನ ಕೇಂದ್ರದಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಪ್ರತಿ ಸಂದಿನಲ್ಲೂ ಬೆಟ್ಟದ ನೆತ್ತಿಯ ಒಂದು ತುಣುಕು ಕಾಣುತ್ತದೆ. ದಕ್ಷಿಣದಿಂದ ಎರಡನೆಯದರಲ್ಲಿ ಸೂರ್ಯ ಮೂಡಿದರೆ ವರ್ಷದ ಅತಿ ಗಿಡ್ಡ ಹಗಲು; ಹನ್ನೆರಡನೆಯದರಲ್ಲಿ ಮೂಡಿದರೆ ಅತಿ ಉದ್ದದ ಹಗಲು. ನಿಲ್ಲಬೇಕಾದ ಜಾಗವನ್ನು ತಜ್ಞರು ಮೊದಲು ಲೆಕ್ಕ ಹಾಕಿಯೇ ಗುರುತಿಸಿದ್ದರು. ಬಳಿಕ ಅಗೆದಾಗ, ದಿಮ್ಮಸು ಬಡಿದ ಮಣ್ಣಿನ ವೃತ್ತಗಳಿಂದ ಮಾಡಿದ ಮೂಲ ಗುರುತೇ ಸಿಕ್ಕಿತು. ಲೆಕ್ಕಕ್ಕೂ ಅದಕ್ಕೂ ಇದ್ದ ಅಂತರ ಕೇವಲ 4 ಸೆಂಟಿಮೀಟರ್!

ಇಷ್ಟು ಶ್ರಮ ಯಾಕೆ? ಇಲ್ಲಿನ ಜನ ಉಣ್ಣುತ್ತಿದ್ದದ್ದು ನವಣೆ, ಬರಗು. ಚಳಿಗಾಲದ ಹಿಮ ಕಳೆದ ಮೇಲೆ, ಬೇಸಿಗೆಯ ಮಳೆಗೆ ಸರಿಹೊಂದುವಂತೆ ಬೀಜ ಬೀಳಬೇಕು. ಚಂದ್ರನ ತಿಂಗಳುಗಳನ್ನಷ್ಟೇ ಎಣಿಸಿದರೆ ವರ್ಷಕ್ಕೆ ಸುಮಾರು 11 ದಿನ ತಪ್ಪುತ್ತದೆ. ಸೂರ್ಯ ಹಾಗೆ ತಪ್ಪುವುದಿಲ್ಲ. ಹೀಗೆ ಬೆಟ್ಟವೇ ಗಡಿಯಾರದ ಮುಖವಾಯಿತು. ರೈತರಿಗೆ ಋತುಗಳನ್ನು ತಿಳಿಸಲು ಯಾವೋ ಎಂಬ ಹೆಸರಿನ ದೊರೆ ಆಕಾಶ ನೋಡುವವರನ್ನು ನೇಮಿಸಿದನೆಂದು ಚೀನಾದ ಹಳೆಯ ಗ್ರಂಥ ಹೇಳುತ್ತದೆ. ತಾವೋಸಿಯೇ ಅವನ ರಾಜಧಾನಿ ಎಂದು ಹಲವು ವಿದ್ವಾಂಸರು ನಂಬುತ್ತಾರೆ. ಹೆಸರು ಬರೆದ ಪುರಾವೆ ಇಲ್ಲದ ಕಾರಣ ನಾನು ಅಷ್ಟು ದೂರ ಹೋಗಲಾರೆ.

ವೀಕ್ಷಣಾಲಯವನ್ನು ಆ ಕಾಲದಲ್ಲೇ ನೆಲಸಮ ಮಾಡಲಾಗಿತ್ತು. ಈಗ ಅಲ್ಲಿ ಕಂಬಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಆದರೆ ಡಿಸೆಂಬರ್ 21ರ ಹೊತ್ತಿಗೆ ಮುಂಜಾನೆ ಅಲ್ಲಿ ನಿಂತರೆ, ಎರಡನೆಯ ಸಂದಿನ ನಟ್ಟನಡುವೆ ಸೂರ್ಯ ಬರುವುದಿಲ್ಲ. ತುಸು ಉತ್ತರಕ್ಕೆ ಸರಿದು, ಬಿಂಬದ ಒಂದು ಭಾಗವಷ್ಟೇ ಇಣುಕುತ್ತದೆ. ಕಟ್ಟಿದವರ ಲೆಕ್ಕ ತಪ್ಪಿರಲಿಲ್ಲ. ಈ ನಾಲ್ಕು ಸಾವಿರ ವರ್ಷಗಳಲ್ಲಿ ಭೂಮಿಯ ಅಕ್ಷದ ಓರೆ ಸುಮಾರು ಅರ್ಧ ಡಿಗ್ರಿ ಕಡಿಮೆಯಾಗಿದೆ, ಆಕಾಶದಲ್ಲಿ ಒಂದು ಸೂರ್ಯಬಿಂಬದ ಅಗಲದಷ್ಟು.